ದೂರು ಕೊಟ್ಟವರ ಸಹಿ

ಮೇಷ್ಟ್ರು ಸೀಟಿನ ಕೆಳಗೆ ಕೈ ಹಾಕಿ ಕೊಂಡಿ ಎಳೆದು, ಕಾಲೂರಿ ತಳ್ಳಿದರು. ಸೀಟು ಟಕ್ ಟಕ್ ಎಂದು ಹಿಂದಕ್ಕೆ ಹೋಗಿ ನಿಂತಿತು. ಒಂಬತ್ತು ಹಲ್ಲು. ಎಣಿಸಬೇಕೆಂದು ಎಣಿಸಿದ್ದಲ್ಲ, ನಲವತ್ತು ವರ್ಷ ಯಂತ್ರಗಳ ಜೊತೆ ಬಾಳಿದ ಕಿವಿ ತಾನಾಗಿಯೇ ಎಣಿಸಿಬಿಟ್ಟಿತು. ಆಮೇಲೆ ಹೊಳೆಯಿತು, ಹೆಂಡತಿ ಮೊನ್ನೆ ಬೆಳಿಗ್ಗೆ ಕೂತು ಓಡಿಸಿದ ಜಾಗವನ್ನು ತಾವೀಗ ಅಳಿಸಿಬಿಟ್ಟೆವಲ್ಲ ಎಂದು.

"ಭಾವ, ವ್ಯಾನು ಹೊರಟೇಬಿಡ್ತು," ಎಂದಳು ಹಿಂದಿನ ಸೀಟಿನಲ್ಲಿದ್ದ ನಾದಿನಿ. ಅಕ್ಕನಿಗಿಂತ ಹತ್ತು ವರ್ಷ ಚಿಕ್ಕವಳು, ಆದರೆ ದನಿ ಥೇಟು ಅಕ್ಕನದೇ. ಬೆಳಗಿನಿಂದ ಅದು ಕಿವಿಗೆ ಬಿದ್ದಾಗಲೆಲ್ಲ ಮೇಷ್ಟ್ರು ತಟ್ಟನೆ ತಿರುಗಿ ನೋಡುತ್ತಿದ್ದರು. "ಹನ್ನೊಂದೂವರೆ ಅಂದ್ರೆ ಹನ್ನೊಂದೂವರೆನೇ ಅಂತೆ. ತಡವಾದ್ರೆ ನಮಗೋಸ್ಕರ ಕಾಯಲ್ವಂತೆ. ಆಮೇಲೆ ಬೇರೆಯವರ ಸರದಿ."

"ಗೊತ್ತು."

"ಅವರಿವರ ಗಾಡೀಲಿ ಹೋಗೋಣ ಅಂದ್ರೆ ಕೇಳ್ಲಿಲ್ಲ ನೀವು."

"ಬಿಡು ಚಿಕ್ಕಮ್ಮ," ಎಂದಳು ಪಕ್ಕದಲ್ಲಿ ಕೂತ ಮಗಳು. ರಾತ್ರಿಯಿಡೀ ಅತ್ತು ಅವಳ ಗಂಟಲು ಬಿದ್ದುಹೋಗಿತ್ತು. "ಅಮ್ಮನ ಗಾಡೀಲೇ ಹೋಗೋಣ ಅಂತ ನಾನೇ ಹೇಳಿದ್ದು."

ಬಿಳಿ ವ್ಯಾನು ಬೀದಿಯ ತಿರುವಿನಲ್ಲಿ ಮರೆಯಾಯಿತು. ಅದರಲ್ಲಿ ಹೆಂಡತಿಯ ದೇಹವಿತ್ತು. ಮೇಷ್ಟ್ರು ಗೇರಿನ ಹಿಡಿಯನ್ನು ಎಳೆದು, ಹಿಂದೆಯೇ ಹೊರಟರು.

ಊರಿಗೆಲ್ಲ ಅವರು ಗೇರ್ ಮೇಷ್ಟ್ರು. ಕ್ಲಚ್ಚಿಲ್ಲದ, ತಾನೇ ಗೇರು ಬದಲಾಯಿಸಿಕೊಳ್ಳುವ ಗಾಡಿಗಳ ಗೇರ್‌ಬಾಕ್ಸ್ ಬಿಟ್ಟು ಬೇರೇನನ್ನೂ ಅವರು ಮುಟ್ಟಿದವರಲ್ಲ. ಅಂಥ ಗಾಡಿ ಕೈಕೊಟ್ಟರೆ ಎಂಜಿನ್ನು ಅರಚುತ್ತದೆ, ಚಕ್ರ ಮಾತ್ರ ಮಿಸುಕುವುದಿಲ್ಲ. ಗೇರು ಜಾರುತ್ತಿದೆ, ಪೂರ್ತಿ ಬಿಚ್ಚಬೇಕು ಎಂದು ಬೇರೆಯವರು ಸ್ಪ್ಯಾನರ್ ಹಿಡಿದು ಮುನ್ನುಗ್ಗುತ್ತಿದ್ದರು. ಮೇಷ್ಟ್ರು ಮೊದಲು ಕೇಳುತ್ತಿದ್ದರು. ಅವರ ವರ್ಕ್‌ಶಾಪಿನಲ್ಲಿ ಚೀಟಿ ತುಂಬದೆ ಬಾನೆಟ್ ತೆರೆಯುವಂತಿರಲಿಲ್ಲ. ಯಾವಾಗ ಜಾರಿತು? ತಣ್ಣಗಿದ್ದಾಗಲೋ, ಬಿಸಿಯಾದ ಮೇಲೋ? ಸಮ ರಸ್ತೆಯಲ್ಲೋ, ಏರಿನಲ್ಲೋ? ಶಬ್ದ ಎಂಥದು? ಕೊನೆಯ ಸಾಲು, ಬೇರೇನಾದರೂ ಹೇಳುವುದಿದೆಯೇ? ಗಾಡಿಯ ಜಾತಕ ಎಂದು ಗಿರಾಕಿಗಳು ಆ ಚೀಟಿಯನ್ನು ಲೇವಡಿ ಮಾಡುತ್ತಿದ್ದರು. ಮೇಷ್ಟ್ರು ಸೊಪ್ಪು ಹಾಕುತ್ತಿರಲಿಲ್ಲ. "ಗಾಡಿ ಸುಳ್ಳು ಹೇಳಲ್ಲ, ಓಡಿಸೋರೂ ಹೇಳಲ್ಲ. ಕೇಳೋನಿಗೆ ಪುರುಸೊತ್ತಿರಬೇಕು, ಅಷ್ಟೆ," ಎನ್ನುತ್ತಿದ್ದರು.

ರಿಪೇರಿಯಾದ ಮೇಲೆ ಇನ್ನೊಂದು ಶಾಸ್ತ್ರವಿತ್ತು. ಗಾಡಿ ಎಲ್ಲಿ ಜಾರಿತ್ತೋ ಅಲ್ಲಿಗೇ ಹೋಗಬೇಕು, ಗಿರಾಕಿಯೇ ಓಡಿಸಬೇಕು. ಮೇಷ್ಟ್ರು ಪಕ್ಕದ ಸೀಟಿನಲ್ಲಿ ಚೀಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದರು. ಸಮಾಧಾನವಾಯಿತೆಂದರೆ ಚೀಟಿಯ ಕೆಳಗೆ 'ದೂರು ಕೊಟ್ಟವರ ಸಹಿ' ಬೀಳಬೇಕು. ಅದು ಬೀಳುವ ತನಕ ಗಾಡಿ ಸರಿಯಾಯಿತೆಂದು ಅವರು ಒಪ್ಪುತ್ತಿರಲಿಲ್ಲ.

ಪೇಟೆ ದಾಟಿತು. ಅವಳು ಇಪ್ಪತ್ತೆರಡು ವರ್ಷ ಕೆಲಸ ಮಾಡಿದ ಕನ್ನಡಕದ ಅಂಗಡಿ ಅರ್ಧ ಬಾಗಿಲು ಹಾಕಿಕೊಂಡಿತ್ತು. ಮೊನ್ನೆ ಅಲ್ಲೇ, ಯಾರದೋ ಕನ್ನಡಕದ ಗಾಜು ಒರೆಸುತ್ತ ಕೂತವಳು ಕೂತ ಹಾಗೇ ಮುಂದಕ್ಕೆ ಬಾಗಿದ್ದಳು. ಹೃದಯ ಎಂದರು ಡಾಕ್ಟರು. ಬಹಳ ದಿನದಿಂದ ಸೂಚನೆ ಕೊಟ್ಟಿರಬೇಕಲ್ಲ, ನಿಮಗೇನೂ ಹೇಳಿರಲಿಲ್ವಾ ಎಂದು ಕೇಳಿದರು. ಮೇಷ್ಟ್ರು ಇಲ್ಲವೆಂದು ತಲೆಯಾಡಿಸಿದ್ದರು.

ನೀರಿನ ಟ್ಯಾಂಕು ದಾಟಿದ ಮೇಲೆ ಏರು ಶುರುವಾಯಿತು. ಅದರ ನೆತ್ತಿಯಲ್ಲಿ ಒಂದು ವೃದ್ಧಾಶ್ರಮ, ಅದರಾಚೆ ಚಿತಾಗಾರ. ಮುಂದಿನ ವ್ಯಾನು ಸಲೀಸಾಗಿ ಹತ್ತಿ ಮಾಯವಾಯಿತು. ಮೇಷ್ಟ್ರ ಗಾಡಿ ಏರಿನ ಕಾಲುಭಾಗ ಹತ್ತಿರಬೇಕು, ಇದ್ದಕ್ಕಿದ್ದ ಹಾಗೆ ಎಂಜಿನ್ನು ಅರಚಿಕೊಂಡಿತು. ಕಾಲು ಒತ್ತಿದಷ್ಟೂ ಅರಚಾಟ ಹೆಚ್ಚಾಯಿತು, ಗಾಡಿ ಮಾತ್ರ ನಿಧಾನವಾಗಿ ನಿಂತು, ಹಿಂದಕ್ಕೆ ಜಾರತೊಡಗಿತು. ಮೇಷ್ಟ್ರು ಬ್ರೇಕ್ ಒತ್ತಿ ಹಿಡಿದರು.

"ಏನಾಯ್ತಪ್ಪಾ?"

"ಜಾರ್ತಾ ಇದೆ," ಎಂದರು ಮೇಷ್ಟ್ರು. ಹೇಳಿದ ಮೇಲೆ ಆ ಮಾತು ಯಾರದೆಂದು ನೆನಪಾಯಿತು.

ಹಿಂದಿನ ಸೀಟಿನಿಂದ ನಾದಿನಿ, ಅಕ್ಕನ ದನಿಯಲ್ಲಿ, ಮೆಲ್ಲಗೆ ಅಂದಳು: "ಅಕ್ಕ ಹೇಳ್ತಾನೇ ಇದ್ಲು."

*

ಅವಳು ಹೇಳಿ ಹದಿನಾಲ್ಕು ತಿಂಗಳಾಗಿತ್ತು.

"ರೀ, ನಮ್ಮ ಗಾಡಿ ಜಾರ್ತಾ ಇದೆ," ಎಂದಿದ್ದಳು, ಬೆಳಗಿನ ಕಾಫಿ ಹೊತ್ತಿಗೆ.

"ಎಲ್ಲಿ?"

"ನೀರಿನ ಟ್ಯಾಂಕಿನ ಏರಲ್ಲಿ. ಶನಿವಾರ ಆಶ್ರಮಕ್ಕೆ ಹೋಗ್ತೀನಲ್ಲ, ಅಜ್ಜ ಅಜ್ಜಿಯರ ಕನ್ನಡಕ ಸರಿಮಾಡೋಕೆ. ಅಲ್ಲಿ."

ಮೇಷ್ಟ್ರು ಎದ್ದು ಹೋಗಿ ಗಾಡಿಯನ್ನು ಮನೆಯ ಸುತ್ತ ಎರಡು ಸುತ್ತು ಹಾಕಿಸಿಕೊಂಡು ಬಂದರು. ಕಾಫಿ ಇನ್ನೂ ಬೆಚ್ಚಗಿತ್ತು. "ಗುಂಡುಕಲ್ಲಿನ ಹಾಗಿದೆ. ನಿನ್ನ ಕಾಲು ಭಾರ, ಅಷ್ಟೆ. ಮೆತ್ತಗೆ ಒತ್ತು."

"ಏರಲ್ಲಿ ಅಂದ್ರೆ ಅಂಗಳದಲ್ಲಿ ನೋಡಿ ಬಂದ್ರಲ್ಲ."

"ನಲವತ್ತು ವರ್ಷದಿಂದ ಇದೇ ಕೆಲಸ ಮಾಡ್ತಿದೀನಿ ಕಣೇ."

ಅವಳು ಬಿಡುವವಳಲ್ಲ. ಮರುದಿನ ಊಟದ ಹೊತ್ತಿಗೆ ವರ್ಕ್‌ಶಾಪಿಗೇ ಬಂದು, ಗಿರಾಕಿಗಳ ಬೆಂಚಿನ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತು, ಒಂದು ಚೀಟಿ ಕೇಳಿ ಪಡೆದಳು. ವರ್ಕ್‌ಶಾಪಿನಲ್ಲಿ ಮೇಷ್ಟ್ರ ಜೊತೆ ಮೂವತ್ತು ವರ್ಷದಿಂದ ದುಡಿಯುತ್ತಿದ್ದ ಬೋಲ್ಟಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ಅವಳು ನಗಲಿಲ್ಲ. ಕನ್ನಡಕ ಏರಿಸಿಕೊಂಡು ಒಂದೊಂದೇ ಸಾಲು ತುಂಬಿದಳು, ಮಡಚಿ ಮೇಷ್ಟ್ರ ಕೈಗೆ ಕೊಟ್ಟಳು.

"ಜಾತಕ ತಗೊಳ್ಳಿ. ಇನ್ನಾದ್ರೂ ನೋಡ್ತೀರಾ?"

"ಸರದಿ ಬಂದಾಗ."

"ಬರುತ್ತಾ?"

ಮೇಷ್ಟ್ರು ಮೇಲಿನ ಸಾಲಿನಲ್ಲಿ ಗಾಡಿಯ ನಂಬರು ಓದಿ ನಕ್ಕು, ಗಿರಾಕಿಗಳ ಮೊಳೆಗೆ ಸಿಕ್ಕಿಸುವ ಬದಲು ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸಿದರು. ಮನೆಯ ಗಾಡಿ ಎಲ್ಲಿ ಓಡಿಹೋಗುತ್ತದೆ? ಮೊದಲು ಬಂದವರ ಗಾಡಿ, ಅರ್ಜೆಂಟಿನವರ ಗಾಡಿ, ದೂರದೂರಿನವರ ಗಾಡಿ. ಅವಳು ಇನ್ನೆರಡು ಸಲ ನೆನಪಿಸಿದಳು, ಆಮೇಲೆ ಸುಮ್ಮನಾದಳು. ಅವಳು ಸುಮ್ಮನಾದದ್ದನ್ನು ಮೇಷ್ಟ್ರು ಗಾಡಿ ಸರಿಹೋಯಿತು ಎಂದು ತಿಳಿದರು. ಜಾರುವ ಗೇರು ತಾನಾಗಿ ವಾಸಿಯಾದ ಉದಾಹರಣೆ ಭೂಮಿಯ ಮೇಲೆ ಒಂದೂ ಇಲ್ಲವೆಂದು ಗಿರಾಕಿಗಳಿಗೆಲ್ಲ ಬೈದು ಹೇಳುತ್ತಿದ್ದವರೂ ಅವರೇ.

*

ಹನ್ನೊಂದು ಗಂಟೆ ಇಪ್ಪತ್ತು ನಿಮಿಷ. ಇನ್ನೊಂದು ಸಲ ಒತ್ತಿ ನೋಡಿದರು. ಅದೇ ಅರಚಾಟ, ಜೊತೆಗೆ ಸುಟ್ಟ ಎಣ್ಣೆಯ ವಾಸನೆ.

"ನಡೆದುಬಿಡೋಣ ಅಪ್ಪಾ."

ನಾದಿನಿಯ ಮಂಡಿ ಆಪರೇಷನ್ ಆಗಿ ತಿಂಗಳಾಗಿರಲಿಲ್ಲ. ಏರು ಮುಕ್ಕಾಲು ಮೈಲಿ ಬಾಕಿ ಇತ್ತು. "ನೀವಿಬ್ರೂ ಹೋಗಿ, ನನ್ನ ಬಿಡಿ," ಎಂದು ಅವಳು ಅಳತೊಡಗಿದಳು. "ಅಕ್ಕನ ಮುಖ ಇನ್ನೊಂದು ಸಲ ನೋಡ್ಬೇಕು ಅಂದ್ಕೊಂಡಿದ್ದೆ."

ಮೇಷ್ಟ್ರು ಕಣ್ಣು ಮುಚ್ಚಿದರು. ಯಾರೋ ಗೊತ್ತಿಲ್ಲದ ಗಿರಾಕಿ ಎದುರಿಗೆ ನಿಂತಿದ್ದಾನೆ ಅಂದುಕೊಂಡರು. ಸಮದಲ್ಲೋ, ಏರಿನಲ್ಲೋ? ಏರಿನಲ್ಲಿ ಮಾತ್ರ. ಶಬ್ದ? ಅರಚಾಟದ ಅಡಿಯಲ್ಲಿ ಸಣ್ಣದೊಂದು ಕುಂಯ್ ಎಂಬ ರಾಗವಿತ್ತು, ಪಂಪು ಎಣ್ಣೆಯ ಬದಲು ಗಾಳಿ ಹೀರುವ ರಾಗ. ಗೇರ್‌ಬಾಕ್ಸಿನಲ್ಲಿ ಎಣ್ಣೆ ತಳ ಕಂಡಿದೆ. ಪಾತ್ರೆ ವಾಲಿಸಿದರೆ ತಳದ ನೀರು ಒಂದು ಬದಿಗೆ ಹೋಗುವ ಹಾಗೆ, ಏರಿನಲ್ಲಿ ಇದ್ದಬದ್ದ ಎಣ್ಣೆಯೆಲ್ಲ ಹಿಂದಕ್ಕೆ ಹೋಗುತ್ತಿದೆ. ಹೀರುವ ಬಾಯಿ ಇರುವುದು ಮುಂದೆ. ಹಾಗಾದರೆ ಗಾಡಿಯ ಮೂತಿ ತಗ್ಗಿಗೆ ಇರಬೇಕು. ಇಷ್ಟನ್ನು ತಿಳಿಯಲು ಅವರಿಗೆ ಅರ್ಧ ನಿಮಿಷ ಹಿಡಿಯಿತು. ಹದಿನಾಲ್ಕು ತಿಂಗಳಲ್ಲಿ ಆ ಅರ್ಧ ನಿಮಿಷ ಅವರಿಗೆ ಸಿಕ್ಕಿರಲಿಲ್ಲ.

ಬ್ರೇಕ್ ಸಡಿಲಿಸಿ, ಗಾಡಿಯನ್ನು ನಿಧಾನಕ್ಕೆ ಹಿಂದೆ ಬಿಟ್ಟು, ಕೆಳಗಿನ ತಿರುವಿನ ಅಗಲದ ಜಾಗಕ್ಕೆ ತಂದರು. ಅಲ್ಲಿ ತಗಡಿನ ಮಾಡಿನ ಕೆಳಗೊಂದು ಹೂವಿನ ಅಂಗಡಿ. ಗಾಡಿ ತಿರುಗುತ್ತಿದ್ದ ಹಾಗೆಯೇ ಅಂಗಡಿಯವಳು ಎದ್ದು, ರಸ್ತೆಯಂಚಿನಲ್ಲಿದ್ದ ಹೂವಿನ ಬಕೆಟ್ಟುಗಳನ್ನು ಎತ್ತಿ ಒಳಗಿಡತೊಡಗಿದಳು.

"ಹಿಂದ್‌ಹಿಂದಕ್ಕೆ ಹತ್ತಿಸ್ತೀರಲ್ಲ? ತಡೀರಿ, ಬಕೆಟ್ ತೆಗೆದುಬಿಡ್ತೀನಿ."

ಮೇಷ್ಟ್ರು ಕಿಟಕಿಯಿಂದ ತಲೆ ಹೊರಹಾಕಿದರು. "ನಿಮಗೆ ಹೇಗೆ ಗೊತ್ತು?"

"ಈ ಗಾಡಿ ಗೊತ್ತಿಲ್ವಾ ನನಗೆ? ಪ್ರತಿ ಶನಿವಾರ ಹಿಂದಕ್ಕೇ ತಾನೇ ಹತ್ತೋದು." ಅವಳು ಬಗ್ಗಿ ಕಿಟಕಿಯೊಳಗೆ ಇಣುಕಿದಳು. "ಎಲ್ಲಿ, ಕನ್ನಡಕದಮ್ಮ ಬರ್ಲಿಲ್ವಾ?"

ಮಗಳು ಹೇಳಿದಳು: "ಅಮ್ಮ ಮುಂದಿನ ವ್ಯಾನಲ್ಲಿ ಹೋದ್ರು."

ಆಗಷ್ಟೇ ಹಾದುಹೋದ ಬಿಳಿ ವ್ಯಾನನ್ನು ಅಂಗಡಿಯವಳೂ ನೋಡಿದ್ದಳು. ಅವಳ ಕೈಯಲ್ಲಿದ್ದ ಬಕೆಟ್ಟಿನ ನೀರು ತುಳುಕಿ ಕಾಲ ಮೇಲೆ ಚೆಲ್ಲಿತು. ಆ ಬಕೆಟ್ಟಿನಲ್ಲಿದ್ದ ಹೂವನ್ನೆಲ್ಲ ಎರಡೂ ಕೈಯಲ್ಲಿ ಬಾಚಿ ಕಿಟಕಿಯಿಂದ ಮಗಳ ಮಡಿಲಿಗೆ ಹಾಕಿ, "ಹೋಗಿ, ಹೊತ್ತಾಗುತ್ತೆ," ಎಂದಳು.

ಗಾಡಿ ಹಿಂದಕ್ಕೆ ಹತ್ತಿತು. ಒಮ್ಮೆಯೂ ಜಾರಲಿಲ್ಲ. ಮೇಷ್ಟ್ರು ಕತ್ತು ಹೊರಳಿಸಿ ಹಿಂದಿನ ಗಾಜಿನಲ್ಲಿ ದಾರಿ ನೋಡುತ್ತ ಓಡಿಸಿದರು. ಗೇರ್‌ಬಾಕ್ಸಿನ ಒಳಗು ಹೇಗಿರುತ್ತದೆಂದು ಕಣ್ಣಾರೆ ಕಂಡವಳಲ್ಲ ಹೆಂಡತಿ. ಎಣ್ಣೆ ಎತ್ತ ಹರಿಯುತ್ತದೆ, ಹೀರುವ ಬಾಯಿ ಎಲ್ಲಿದೆ, ಯಾವುದೂ ಗೊತ್ತಿಲ್ಲದೆ, ಗಾಡಿ ಹೇಳಿದ್ದನ್ನು ಕೇಳಿಸಿಕೊಂಡು ದಾರಿ ಕಂಡುಕೊಂಡಿದ್ದಳು. ಹೀಗೆ ಕತ್ತು ತಿರುಚಿಕೊಂಡು, ಒಬ್ಬಳೇ, ಶನಿವಾರ ಶನಿವಾರ. ಮೇಷ್ಟ್ರ ಕಣ್ಣು ಮಂಜಾಯಿತು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

ಚಿತಾಗಾರದ ಅಂಗಳದಲ್ಲಿ ನೆರೆದಿದ್ದವರು ಗಾಡಿಯೊಂದು ಬೆನ್ನು ಮುಂದೆ ಮಾಡಿಕೊಂಡು ಏರಿ ಬರುವುದನ್ನು ಕಂಡು ಮಾತು ನಿಲ್ಲಿಸಿದರು. ಯಾರೋ ಅರಿವಿಲ್ಲದೆ ನಕ್ಕು, ನಾಲಿಗೆ ಕಚ್ಚಿಕೊಂಡರು. ಬೋಲ್ಟಣ್ಣ ಓಡಿ ಬಂದ.

"ಮೇಷ್ಟ್ರೇ, ಒಲೆ ಬಾಗಿಲು ತೆಗೆದುಬಿಟ್ಟಿದ್ರು. ಐದು ನಿಮಿಷ ಅಂತ ಕೈಕಾಲು ಹಿಡಿದು ನಿಲ್ಲಿಸಿದೀನಿ. ಏನಾಯ್ತು ಗಾಡಿಗೆ?"

"ಎಣ್ಣೆ ಇಲ್ಲ."

"ನಮ್ಮ ಗಾಡೀಲಾ?" ಬೋಲ್ಟಣ್ಣ ನಂಬಲಾರದೆ ನೋಡಿದ. ಮೇಷ್ಟ್ರ ಮುಖ ಕಂಡು, ಜನರನ್ನು ಸರಿಸಿ ದಾರಿ ಮಾಡಿದ.

ಒಳಗೆ ಗೋಡೆಗೊರಗಿ ಏಳೆಂಟು ಮಂದಿ ಮುದುಕ ಮುದುಕಿಯರು ನಿಂತಿದ್ದರು. ಪಕ್ಕದ ಆಶ್ರಮದವರು. ಎಲ್ಲರಿಗೂ ಕನ್ನಡಕ. ಒಬ್ಬ ಅಜ್ಜ ಮೇಷ್ಟ್ರ ತೋಳು ಹಿಡಿದ. "ನೋಡಪ್ಪ, ಇದು ಕಿವಿ ಹಿಂದೆ ಒತ್ತುತ್ತೆ ಅಂದಿದ್ದೆ. ಈ ಶನಿವಾರ ಬಗ್ಗಿಸಿ ಕೊಡ್ತೀನಿ ಅಂದಿದ್ಲು. ಒಂದು ಸಲ ಹೇಳಿದ್ರೆ ಸಾಕು, ಅವಳಿಗೆ ನೆನಪಿರೋದು." ಮೇಷ್ಟ್ರು ಅವನ ಕೈಯನ್ನು ಸವರಿ ಮುಂದೆ ಹೋದರು.

ಅವಳ ಮುಖದಲ್ಲಿ ಕನ್ನಡಕವಿರಲಿಲ್ಲ. ಮೂಗಿನ ಎರಡೂ ಬದಿಗೆ, ಇಷ್ಟು ವರ್ಷ ಅದು ಕೂತು ಕೂತು ಬಿದ್ದ ಎರಡು ಪುಟ್ಟ ಕುಳಿಗಳು ಹಾಗೇ ಇದ್ದವು. ಮೇಷ್ಟ್ರು ಹೆಬ್ಬೆರಳಿನಿಂದ ಒಂದನ್ನು ಮುಟ್ಟಿದರು. ತಣ್ಣಗಿತ್ತು. ನಾದಿನಿ ಅಕ್ಕನ ಕಾಲು ಹಿಡಿದುಕೊಂಡು ಗೋಳೋ ಎಂದಳು, ಮಗಳು ಮಡಿಲಿನ ಹೂವನ್ನು ಎದೆಯ ಮೇಲೆ ಇಟ್ಟಳು. "ಆಯ್ತಾ?" ಎಂದು ಅಲ್ಲಿನ ನೌಕರ ಮೆತ್ತಗೆ ಕೇಳಿದ. ಅವನು ಸ್ವಲ್ಪ ಕಾದು, ತನ್ನ ಕೆಲಸ ಮಾಡಿದ. ಕಬ್ಬಿಣದ ಬಾಗಿಲು ಸದ್ದಿಲ್ಲದೆ ಮುಚ್ಚಿಕೊಂಡಿತು.

*

ಇಳಿಯುವಾಗ ಗಾಡಿ ತಂಟೆ ಮಾಡಲಿಲ್ಲ. ತಿರುವಿನಲ್ಲಿ ಮೇಷ್ಟ್ರು ತಾವಾಗಿಯೇ ನಿಲ್ಲಿಸಿದರು. ಹೂವಿನವಳು ಹತ್ತಿರ ಬಂದಳು.

"ಮೊದಮೊದಲು ಹಿಂದಕ್ಕೆ ಹತ್ತಿಸೋದು ಗೊತ್ತಿರ್ಲಿಲ್ಲ ಅವರಿಗೆ," ಎಂದಳು, ಯಾರೂ ಕೇಳದಿದ್ದರೂ. "ಗಾಡೀನ ಇಲ್ಲೇ ಬಿಟ್ಟು ನಡ್ಕೊಂಡು ಹೋಗೋರು. ಅಗೋ, ಆ ಕಲ್ಲಿನ ಮೇಲೆ ಕೂತು ಕೂತು ಸುಧಾರಿಸ್ಕೊಳ್ಳೋರು. ಎದೆ ಹಿಡ್ಕೊಂಡು ಕೂತಿರೋರು ಪಾಪ, ನೀರು ಕೊಡ್ತಿದ್ದೆ. ಒಂದಿನ ಗಾಡಿ ತಿರುಗಿಸೋಕೆ ಹೋಗಿ ಅದು ಹಿಂದಕ್ಕೆ ಹತ್ತಿಬಿಡ್ತು ನೋಡಿ, ಏನು ನಗು ಅಂತೀರಾ. ನಮ್ಮನೆಯವರು ದೊಡ್ಡ ಮೆಕ್ಯಾನಿಕ್ಕು, ಅವರಿಗೂ ಇದು ಗೊತ್ತಿರಲ್ಲ ಅಂದ್ರು."

ಎದೆ ಹಿಡಿದುಕೊಂಡು. ಮೇಷ್ಟ್ರು ಆ ಕಲ್ಲನ್ನು ನೋಡಿದರು. ಬರಿಯ ಕಲ್ಲು, ಒಬ್ಬರು ಕೂರುವಷ್ಟು ಅಗಲ.

ಮನೆ ತಲುಪಿ ಎಲ್ಲರೂ ಇಳಿದ ಮೇಲೆ ಅಂಗಳದಲ್ಲಿ ಅವರ ಕಣ್ಣಿಗೆ ರಟ್ಟು ಬಿತ್ತು. ಗಾಡಿ ನಿಲ್ಲುವ ಜಾಗದಲ್ಲಿ ಹಾಸಿದ್ದ ದೊಡ್ಡ ರಟ್ಟು. ದಿನಾ ಅದನ್ನು ದಾಟಿಕೊಂಡೇ ಅವರು ಕೆಲಸಕ್ಕೆ ಹೋಗುತ್ತಿದ್ದರು. ಅದರ ನಡುವೆ ಕಡುಗೆಂಪು ಕಲೆಯೊಂದು ಅಂಗೈಯಗಲ ಹರಡಿತ್ತು.

"ಇದ್ಯಾಕೆ ಇಲ್ಲಿ?"

"ಅಮ್ಮ ಹಾಕಿದ್ದು," ಎಂದಳು ಮಗಳು. "ನೆಲ ಕಲೆಯಾಗುತ್ತೆ ಅಂತ. ವಾರಕ್ಕೊಂದು ಸಲ ಬದಲಾಯಿಸ್ತಿದ್ಲು. ನಿನಗೆ ಗೊತ್ತಿರ್ಲಿಲ್ವಾ?"

ಬೆಕ್ಕು ಮಲಗಲೆಂದು ಹಾಕಿದ್ದಾಳೆ ಎಂದುಕೊಂಡಿದ್ದರು ಮೇಷ್ಟ್ರು. ಹಾಗೆಂದು ಹೇಳಲು ನಾಚಿಕೆಯಾಯಿತು. "ನಾನು ವರ್ಕ್‌ಶಾಪಿಗೆ ಹೋಗಿ ಬರ್ತೀನಿ," ಎಂದರು.

"ಇವತ್ತಾ? ಭಾವ, ಜನ ಏನಂತಾರೆ?" ಎಂದಳು ನಾದಿನಿ.

"ಒಂದು ಗಾಡಿ ಬಾಕಿ ಇದೆ."

ಮಗಳು ಅಪ್ಪನನ್ನೇ ನೋಡಿ, ಚಿಕ್ಕಮ್ಮನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು.

ವರ್ಕ್‌ಶಾಪಿನ ಬಾಗಿಲು ತೆರೆದು, ಗಾಡಿಯನ್ನು ಒಳಗೆ ನಿಲ್ಲಿಸಿ, ಮೇಷ್ಟ್ರು ನೇರ ಕ್ಯಾಲೆಂಡರಿನ ಹತ್ತಿರ ಹೋದರು. ವರ್ಷ ಬದಲಾಗಿ ಕ್ಯಾಲೆಂಡರೂ ಬದಲಾಗಿತ್ತು, ಚೀಟಿ ಅದರ ಹಿಂದೆ ಅದೇ ಮೊಳೆಯಲ್ಲಿ ಸಿಕ್ಕಿಕೊಂಡಿತ್ತು. ಬಾನೆಟ್ ತೆರೆಯುವ ಮೊದಲು ಚೀಟಿ ಓದಬೇಕು. ಗಿರಾಕಿಗಳ ಬೆಂಚಿನ ಮೇಲೆ, ಅವಳು ಕೂತಿದ್ದ ಕಡೆಯಲ್ಲೇ ಕೂತು ಬಿಡಿಸಿದರು.

ದುಂಡು ಅಕ್ಷರ, ಕಾಟಿಲ್ಲ, ಚಿತ್ತಿಲ್ಲ. ಯಾವಾಗ ಜಾರಿತು? ಪ್ರತಿ ಶನಿವಾರ. ಸಮದಲ್ಲೋ, ಏರಿನಲ್ಲೋ? ಏರಿನಲ್ಲಿ ಮಾತ್ರ, ಅಂಗಳದಲ್ಲಿ ಸುತ್ತು ಹಾಕಿ ನೋಡಿದರೆ ಗೊತ್ತಾಗುವುದಿಲ್ಲ. ಶಬ್ದ ಎಂಥದು? ಜ್ಯೂಸು ಮುಗಿದ ಮೇಲೂ ಸ್ಟ್ರಾ ಹೀರಿದಂಥದು. ಮೇಷ್ಟ್ರ ಬೆರಳು ಆ ಸಾಲಿನ ಮೇಲೆ ನಿಂತಿತು. ಅವರ ಜೀವಮಾನದಲ್ಲಿ ಯಾವ ಗಿರಾಕಿಯೂ ಇಷ್ಟು ಸರಿಯಾಗಿ ಬರೆದುಕೊಟ್ಟಿರಲಿಲ್ಲ. ಇದೊಂದು ಸಾಲು ಓದಿದ್ದರೆ ಸಾಕಿತ್ತು.

ಬೇರೇನಾದರೂ ಹೇಳುವುದಿದೆಯೇ?

'ಗಾಡಿ ಬಿಟ್ಟು ನಡೆದು ಹತ್ತಿದರೆ ನನಗೂ ಅದೇ ಜಾಗದಲ್ಲಿ ಎದೆ ಹಿಡಿದು ಉಸಿರು ನಿಲ್ಲುತ್ತದೆ. ಅದಕ್ಕೆ ಬೇರೆ ಚೀಟಿ ಬರೆಯಬೇಕೋ, ಇದೇ ಸಾಕೋ?'

ಮೇಷ್ಟ್ರು ಇನ್ನೊಂದು ಸಲ ಓದಿದರು. ಡಾಕ್ಟರು ಕೇಳಿದ್ದಕ್ಕೆ ಇಲ್ಲವೆಂದು ತಲೆಯಾಡಿಸಿದ್ದು ನೆನಪಾಯಿತು. ಹೇಳಿದ್ದಳು. ಅವರೇ ಮಾಡಿದ ಚೀಟಿಯಲ್ಲಿ, ಅವರೇ ಬರೆಸಿದ ಪ್ರಶ್ನೆಗೆ, ಇಂಕಿನಲ್ಲಿ ಹೇಳಿ ಕೈಯಲ್ಲಿ ಕೊಟ್ಟು ಹೋಗಿದ್ದಳು. ಬೆಳಗಿನಿಂದ ತಡೆದಿದ್ದದ್ದು ಆಗ ಒಡೆಯಿತು. ಎಣ್ಣೆಜಿಡ್ಡಿನ ಆ ಬೆಂಚಿನ ಮೇಲೆ, ಬೆಳಗಿನ ಬಿಳಿ ಬಟ್ಟೆಯಲ್ಲೇ, ಅವರು ಬಾಯಿ ಬಿಟ್ಟು ಅತ್ತರು. ಬಾಗಿಲ ಹತ್ತಿರ ಬಂದ ಬೋಲ್ಟಣ್ಣ ಹಾಗೇ ಹಿಂದೆ ಸರಿದು ಹೊರಗೇ ನಿಂತ.

ಬಹಳ ಹೊತ್ತಿನ ಮೇಲೆ ಎದ್ದು ಗಾಡಿಯ ಕೆಳಗೆ ನುಸುಳಿದರು. ಎಣ್ಣೆ ತಂಪಾಗಿಸುವ ಕಡೆಗೆ ಹೋಗುವ ರಬ್ಬರು ಪೈಪಿನ ಪಟ್ಟಿ ಸಡಿಲವಾಗಿತ್ತು. ಅದರಂಚಿನಲ್ಲಿ ಒಂದು ಹನಿ ಕೆಂಪಗೆ ಜೋತಾಡುತ್ತಿತ್ತು, ಬೀಳಲೋ ಬೇಡವೋ ಎಂಬಂತೆ. ಸ್ಕ್ರೂಡ್ರೈವರಿನಲ್ಲಿ ಮೂರು ಸುತ್ತು. ಒರೆಸಿ ನೋಡಿದರು, ಮತ್ತೆ ಹನಿಯಲಿಲ್ಲ. ಹೊಸ ಎಣ್ಣೆ ತುಂಬಿ, ಎಂಜಿನ್ನು ಓಡುತ್ತಿರುವಾಗಲೇ ಕಡ್ಡಿ ಅದ್ದಿ ಮಟ್ಟ ನೋಡಿದರು. ಒಟ್ಟು ಕೆಲಸ ಅರ್ಧ ಗಂಟೆಯದೂ ಆಗಿರಲಿಲ್ಲ.

"ನಾನು ಓಡಿಸಿ ನೋಡ್ಕೊಂಡು ಬರ್ಲಾ?" ಎಂದ ಬೋಲ್ಟಣ್ಣ.

"ನೀನು ದೂರು ಕೊಟ್ಟವನಲ್ಲ," ಎಂದರು ಮೇಷ್ಟ್ರು.

ನೀರಿನ ಟ್ಯಾಂಕಿನ ಹತ್ತಿರ ಬಂದಾಗ ಬಿಸಿಲು ಇಳಿಯುತ್ತಿತ್ತು. ಏರಿನ ಬುಡದಲ್ಲಿ, ಮೂತಿ ಮೇಲ್ಮುಖವಾಗಿ, ಗಾಡಿ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆದರು. ಎಂಜಿನ್ ಆರಿಸಲಿಲ್ಲ. ಇಳಿದು, ಬಗ್ಗಿ, ಸೀಟಿನ ಕೆಳಗಿನ ಕೊಂಡಿ ಎಳೆದು ಮುಂದಕ್ಕೆ ತಳ್ಳಿದರು. ಈ ಸಲ ಬಾಯಿಬಿಟ್ಟೇ ಎಣಿಸಿದರು. ಒಂಬತ್ತಕ್ಕೆ ಕೈ ಬಿಟ್ಟರು. ಬಾಗಿಲು ಮುಚ್ಚಿ, ಗಾಡಿಯನ್ನು ಸುತ್ತಿ ಬಂದು, ಪಕ್ಕದ ಸೀಟಿನಲ್ಲಿ ಕೂತರು.

ಮೇಲಿನ ತಿರುವಿನಲ್ಲಿ ಹೂವಿನವಳು ಗಾಡಿಯ ಗುರುತು ಹಿಡಿದು ಎದ್ದಳು. ಬಕೆಟ್ಟುಗಳನ್ನು ಒಂದೊಂದಾಗಿ ಒಳಗಿಟ್ಟು, ದಾರಿ ಬಿಟ್ಟು ನಿಂತಳು. ಕೆಳಗೆ ಎಂಜಿನ್ನು ಹದವಾಗಿ ಓಡುತ್ತಲೇ ಇತ್ತು. ಮೇಷ್ಟ್ರು ಚೀಟಿಯನ್ನು ತೊಡೆಯ ಮೇಲೆ ಬಿಡಿಸಿಟ್ಟು, ಪೆನ್ನಿನ ಮುಚ್ಚಳ ತೆಗೆದು, ಸ್ಟೀರಿಂಗಿನ ಕಡೆ ತಿರುಗಿ ಕಾದು ಕೂತರು.